ರಜೆಗೆ ಕಾರಣ ಬೇಡ

ನಾಲ್ಕು ಜನ ಒಂದೇ ಹಾಜರಿ ಮಸ್ಟರಿಗೆ ಸಹಿ ಹಾಕುವ ಕಡೆ ನಗುವುದಕ್ಕೆ ಬರಗಾಲವಿಲ್ಲ ಮಾರಾಯ್ರೇ. ಮುಂಬೈ ಪಕ್ಕದ ಠಾಣೆ ಊರಿನ ನಮ್ಮ ಆಫೀಸಂತೂ ಕೇಳಲೇಬೇಡಿ.

ಇಂಡಿಕೇಟರಿನ ಫೋಟೋ

ಹಳೆಯ ಸಾಹೇಬರಿಗೆ ಯಾರ ಮೇಲೂ ನಂಬಿಕೆ ಇರಲಿಲ್ಲ. ಲೇಟಾದರೆ, ರೈಲು ತಡ ಅಂತ ತೋರಿಸುವ ಸ್ಟೇಷನ್ನಿನ ಇಂಡಿಕೇಟರ್ ಬೋರ್ಡಿನ ಫೋಟೋ ತೋರಿಸಬೇಕು. ನಾನು ನಮ್ಮ ಡೊಂಬಿವಲಿ ಸ್ಟೇಷನ್ನಿನಲ್ಲಿ ಹೊಡೆದ ಒಂದೇ ಫೋಟೋ ಇಡೀ ಆಫೀಸಿನ ಮೊಬೈಲ್ ಸುತ್ತಿತು. ಒಂದು ದಿನ ಗುಮಾಸ್ತನೊಬ್ಬ ಅದನ್ನೇ ತೋರಿಸಿದ.

"ಅಲ್ಲಯ್ಯಾ, ನೀನು ಭಿವಂಡಿಯಿಂದ ಬಸ್ಸಿನಲ್ಲಿ ಬರುವವನಲ್ಲವಾ?"

"ಹೌದು ಸಾಹೇಬ್. ಬಸ್ಸಿಗೆ ಇಂಡಿಕೇಟರ್ ಇಲ್ಲ, ನೀವು ಫೋಟೋ ಬೇಕೇ ಬೇಕು ಅಂತೀರಿ!"

ದಂಡವಾದ ಕಥೆ

ಅವರು ಹೋಗಿ ಮೇಡಂ ಬಂದರು. ಮೊದಲ ದಿನವೇ, "ರಜೆ ಬೇಕಾದರೆ ಬೇಕು ಅನ್ನಿ. ಕಾರಣ ಬೇಡ, ನಿಮ್ಮ ಮೇಲೆ ನಂಬಿಕೆ ಇದೆ" ಅಂದರು. ನಮಗೆ ನಂಬಿಸಿಕೊಂಡು ಅಭ್ಯಾಸವೇ ಇಲ್ಲ! ಹಿರಿಯ ಕ್ಲಾರ್ಕ್ ರಜೆ ಸಿಕ್ಕಿದರೂ ಅವರ ಮೇಜಿನ ಮುಂದಿನಿಂದ ಅಲ್ಲಾಡಲಿಲ್ಲ.

"ಇನ್ನೇನು?"

"ಒಮ್ಮೆ ಕಾರಣ ಕೇಳಿಬಿಡಿ ಮೇಡಂ. ಕಲ್ಯಾಣ ಸ್ಟೇಷನ್ನಿನಿಂದ ಇಲ್ಲಿಯವರೆಗೆ ರೈಲಿನಲ್ಲಿ ನಿಂತುಕೊಂಡೇ ತಯಾರು ಮಾಡಿದ್ದೇನೆ."

ಅತ್ತೆಯ ಜ್ವರ

ಇನ್ನು ನನ್ನ ಕಥೆ. ಇನ್‌ಚಾರ್ಜ್ ಹುದ್ದೆಗೆ ನನ್ನ ಹೆಸರು ಹಾಕುವುದು ಬಿಡುವುದು ಮೇಡಂ ಕೈಯಲ್ಲಿತ್ತು. ಹನ್ನೆರಡು ವರ್ಷ ಕಾದ ಹುದ್ದೆ. ಅಂಥ ವಾರದಲ್ಲೇ ನನಗೆ ಒಂದು ದಿನ ಸುಮ್ಮನೆ ಮನೆಯಲ್ಲಿ ಬಿದ್ದುಕೊಳ್ಳಬೇಕು ಅನ್ನಿಸಿತು. ಹಾಗಂತ ಹೇಳುವುದು ಹೇಗೆ? ಫೋನಿನಲ್ಲಿ ಹಳೆಯ ಚಾಳಿಯಂತೆ ಬಾಯಿಗೆ ಬಂತು: "ಅತ್ತೆಗೆ ಜೋರು ಜ್ವರ ಮೇಡಂ."

ಮಧ್ಯಾಹ್ನ ಬೆಲ್ ಆಯಿತು. ತೆಗೆದರೆ ಮೇಡಂ, ಕೈಯಲ್ಲಿ ಹಣ್ಣಿನ ಚೀಲ. ರೈಲಿನಲ್ಲಿ ಕಲ್ಯಾಣಕ್ಕೆ ಹೋಗುವ ದಾರಿಯಲ್ಲಿ ಅತ್ತೆಯನ್ನು ನೋಡಲು ಡೊಂಬಿವಲಿಯಲ್ಲಿ ಇಳಿದರಂತೆ.

ಅತ್ತೆ ಸ್ಟೂಲಿನ ಮೇಲೆ ನಿಂತು, ಸೀರೆ ಎತ್ತಿಕಟ್ಟಿ, ಫ್ಯಾನು ಒರೆಸುತ್ತಿದ್ದರು.

"ಅಮ್ಮಾ, ಜ್ವರ ಹೇಗಿದೆ?"

ಅತ್ತೆ ನನ್ನ ಮುಖ ನೋಡಿದರು. ಪಾಪ, ಅಳಿಯನ ಮಾನ ಉಳಿಸಲು ಅಲ್ಲೇ ಎರಡು ಸಲ ಕೆಮ್ಮಿದರು.

ಹನ್ನೆರಡು ವರ್ಷ ನೀರಿಗೆ ಹೋಯಿತು ಅಂದುಕೊಂಡೆ. "ಸುಳ್ಳು ಹೇಳಿದೆ ಮೇಡಂ. ಸುಮ್ಮನೆ ಮಲಗಬೇಕು ಅನ್ನಿಸಿತ್ತು."

ಮೇಡಂ ಹಣ್ಣಿನ ಚೀಲವನ್ನು ಅತ್ತೆಯ ಕೈಗೆ ಕೊಟ್ಟು ಸೋಫಾದಲ್ಲಿ ಕುಳಿತು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಪರ್ಸಿನಿಂದ ಲಕೋಟೆ ತೆಗೆದರು. "ಇನ್‌ಚಾರ್ಜ್ ಆರ್ಡರು. ನಾಳೆಯಿಂದ ರಜೆ ಕೊಡುವವರು ನೀವೇ. ಕಾರಣ ಕೇಳಬೇಡಿ, ಜನ ಏನೇನು ಹೇಳುತ್ತಾರೆ ಅಂತ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು!"

ಅಬ್ಬಾ! ಹೋದ ಜೀವ ಬಂದ ಹಾಗಾಯಿತು. ಅತ್ತೆ ಮಾತ್ರ ಚೀಲವನ್ನು ಎದೆಗವಚಿಕೊಂಡು ನನ್ನ ಕಿವಿಯ ಹತ್ತಿರ ಬಂದರು:

"ಜ್ವರ ಇಲ್ಲ ಅಂತ ಗೊತ್ತಾಯಿತಲ್ಲ, ಇನ್ನು ಹಣ್ಣು ವಾಪಸ್ ಕೊಡಬೇಕಾ?"