ಅಲ್ಲಾಡಿಸಿ ನೋಡುವ ದೊಡ್ಡಮ್ಮ

ಅಲ್ಲಾಡಿಸಿ ನೋಡದೆ ನಮ್ಮ ದೊಡ್ಡಮ್ಮ ದೇವರನ್ನೂ ನಂಬುವವಳಲ್ಲ! ತಿಪಟೂರಿನ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಅಟ್ಟದಲ್ಲಿ ಒಣಗಲು ಬಿಟ್ಟ ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಗಡಗಡ ಎಂದರೆ ಕೊಬ್ಬರಿ ಒಣಗಿ ಚಿಪ್ಪು ಬಿಟ್ಟಿದೆ. ಸದ್ದಿಲ್ಲದಿದ್ದರೆ ಇನ್ನೂ ಹಸಿ, ಮತ್ತೆ ಅಟ್ಟಕ್ಕೆ. ದೊಡ್ಡಮ್ಮ ಈ ಶಾಸ್ತ್ರವನ್ನು ಗ್ಯಾಸ್ ಸಿಲಿಂಡರಿಗೂ ನನ್ನ ಮೊಬೈಲಿಗೂ ಅನ್ವಯಿಸಿದಳು. ನನ್ನನ್ನು ನೋಡಲು ತುರುವೇಕೆರೆಯಿಂದ ಬಂದಿದ್ದ ಗಂಡಿನ ಭುಜ ಹಿಡಿದು, ಆಶೀರ್ವಾದದ ನೆಪದಲ್ಲಿ ಚೆನ್ನಾಗಿ ಕುಲುಕಿದಳು. ಅವರು ಹೋದ ಮೇಲೆ ತೀರ್ಪು ಬಂತು: "ಇನ್ನೂ ಹಸಿ ಕಣೇ." ಸಂಬಂಧ ಅಲ್ಲಿಗೇ ನಿಂತಿತು. ನನಗೆ ಬೇಸರವಾಯಿತೇ? ಅದು ನನ್ನ ಖಾಸಗಿ ವಿಷಯ.

ಹೋದ ವರ್ಷ ನಾನು ದೊಡ್ಡಮ್ಮನ ಬೆನ್ನಿಗೆ ಎಣ್ಣೆ ಹಚ್ಚುತ್ತಿದ್ದಾಗ, ತನ್ನ ಬಲಮೊಲೆಯಲ್ಲೊಂದು ಗಂಟಿದೆ ಎಂದು ಹೇಳಿದಳು. ಹಾಲಿನವನು ಬಂದಿದ್ದಾನೆ ಎನ್ನುವ ಧಾಟಿಯಲ್ಲಿ! ಯುಗಾದಿಯಿಂದಲೇ ಇದೆಯಂತೆ. ನೋವಿಲ್ಲವಂತೆ.

"ಎಷ್ಟು ಒತ್ತಿದ್ರೂ ಅಲ್ಲಾಡಾಕಿಲ್ಲ. ಇನ್ನೂ ಹಸಿ ಐತೆ. ಒಣಗಿದ್ರೆ ತಾನೇ ಬುಟ್ಕಂತದೆ, ಬುಡು."

ತನ್ನ ಎದೆಯನ್ನೂ ಅಟ್ಟಕ್ಕೆ ಹಾಕಿ ಕಾಯುತ್ತಿದ್ದಳು!

ಕ್ಯಾನ್ಸರ್ ಇದ್ದೀತು, ಆಸ್ಪತ್ರೆಗೆ ಹೋಗೋಣ ಎಂದೆ. ಆ ಕಾಯಿಲೆಯೆಲ್ಲ ಮಗುವಿಗೆ ಹಾಲು ಕೊಡುವ ವಯಸ್ಸಿನವರಿಗೆ, ಮೊಮ್ಮಕ್ಕಳನ್ನು ಕಂಡವರಿಗಲ್ಲ ಎಂಬ ವಾದ ಬೇರೆ. ನನಗೆ ಜಗಳವಾಡಲು ಬರುವುದಿಲ್ಲ; ಊಟ ಬಿಟ್ಟು ಕುಳಿತೆ. ಮಧ್ಯಾಹ್ನದ ಹೊತ್ತಿಗೆ ಬೈಯುತ್ತಲೇ ಸೀರೆ ಬದಲಿಸಿದಳು.

ಆಸ್ಪತ್ರೆಯಲ್ಲಿ ಒಂದು ಕಡೆ ಕೂರಲಿಲ್ಲ. ಬೆಂಚಿನ ಕಾಲು ಅಲ್ಲಾಡಿಸಿದಳು, ನೀರಿನ ಕ್ಯಾನು ಅಲ್ಲಾಡಿಸಿದಳು. ಎದೆಯನ್ನು ಒತ್ತಿ ಹಿಡಿದು ತೆಗೆಯುವ ಮ್ಯಾಮೊಗ್ರಾಂ ಮುಗಿಸಿ ಹೊರಬಂದವಳೇ, "ಗಾಣಕ್ಕೆ ಹಾಕ್ದಂಗಾಯ್ತು ಕಣೇ, ಒಂದು ತೊಟ್ಟು ಎಣ್ಣೆ ಬರ್ಲಿಲ್ಲ" ಎಂದಳು. ಸೂಜಿ ಚುಚ್ಚಿ ತೆಗೆದ ತುಣುಕಿನ ರಿಪೋರ್ಟು ಬರುವವರೆಗೆ ನಾನೂ ಒಂದು ಕಡೆ ಕೂರಲಿಲ್ಲ. ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದೆ.

ಕ್ಯಾನ್ಸರೇ. ಅಲ್ಲಾಡದ ಗಂಟಿಗೇ ಹೆಚ್ಚು ಹೆದರಬೇಕು ಎಂದರು ಡಾಕ್ಟರಮ್ಮ. ವಯಸ್ಸಾದವರಲ್ಲೇ ಇದು ಜಾಸ್ತಿಯಂತೆ. ಆಪರೇಷನ್ ಮಾಡಿದರೆ ಈಗಲೂ ತಡವಾಗಿಲ್ಲ. ದೊಡ್ಡಮ್ಮ ಅವರ ಮೇಜಿನ ಪೇಪರ್‌ವೇಟನ್ನು ಕಿವಿಗೆ ಹಿಡಿದು ಅಲ್ಲಾಡಿಸುತ್ತ ಯೋಚಿಸಿದಳು.

"ತೆಗೆಸ್ಕಂಡ್ರೆ ಅಟ್ಟ ಹತ್ಬೋದಾ?"

"ಸ್ವಲ್ಪ ದಿನ ಬೇಡ ಅಜ್ಜಿ. ಆಮೇಲೆ ಹತ್ತಿ."

"ಹಂಗಾರೆ ತೆಗೀರಿ."

ಆಪರೇಷನ್ ಮುಗಿಸಿ ಮನೆಗೆ ಬಂದ ಮೇಲೆ ಅವಳ ಬಲಗೈ ಕಿವಿಯವರೆಗೆ ಏಳುತ್ತಿರಲಿಲ್ಲ. ಎಡಗಿವಿ ಮೊದಲೇ ಮಂದ. ದಿನವಿಡೀ ಅಟ್ಟದ ಕಡೆ ನೋಡುತ್ತ ಚಡಪಡಿಸುತ್ತಿದ್ದಳು. ಕೊನೆಗೆ ನಾನೇ ಹತ್ತಿ ಒಂದು ಕಾಯಿ ತಂದು, ಅವಳ ಬಲಗಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ಸದ್ದಿಲ್ಲ. ಅವಳು ಕಣ್ಣು ಮುಚ್ಚಿಕೊಂಡು ತುಂಬ ಹೊತ್ತು ಕೇಳಿಸಿಕೊಂಡಳು.

"ಹಸಿ ಕಣೇ. ದೀಪಾವಳಿ ಕಳೀಬೇಕು. ಮೇಲಿಟ್ಬುಡು, ಆವಾಗ ನಾನೇ ಹತ್ತಿ ನೋಡ್ತೀನಿ."

ಮೇಲಿಟ್ಟೆ. ತಕ್ಷಣ ಇಳಿದು ಬರಲಾಗಲಿಲ್ಲ.