ಹತ್ತನೆಯ ಹುಡುಗ

ಹತ್ತಕ್ಕೆ ಒಬ್ಬ ಕಡಿಮೆ ಇದ್ದ. ಮರಗೆಲಸದ ಮೇಷ್ಟ್ರ ಕಷ್ಟವೆಲ್ಲ ಶುರುವಾದದ್ದು ಅಲ್ಲಿಂದಲೇ.

ಸರ್ಕಾರಿ ಹೈಸ್ಕೂಲಿನ ಮಕ್ಕಳು ಓದಿನ ಜೊತೆಗೆ ಒಂದು ಕೈಕಸುಬನ್ನೂ ಕಲಿಯಲಿ ಎಂಬುದು ಮೇಲಿನವರ ಆಸೆ. ಹತ್ತು ಮಕ್ಕಳು ಸೇರದಿದ್ದರೆ ಆ ಕಸುಬನ್ನು ಮುಚ್ಚಬೇಕು ಎಂಬುದು ಅದೇ ಮೇಲಿನವರ ಕಾನೂನು. ಆ ವರ್ಷ ಮರಗೆಲಸಕ್ಕೆ ಬಂದವರು ಒಂಬತ್ತೇ ಮಂದಿ. ಹಲಗೆ ಬಿಗಿಯುವ ಹಗ್ಗದ ಗಂಟೊಂದನ್ನು ಕಲಿಸಲು ಮೇಷ್ಟ್ರು ಆರಂಭದಿಂದಲೂ ಹೆಣಗುತ್ತಿದ್ದರು. ಒಂಬತ್ತರಲ್ಲಿ ಒಬ್ಬನಿಗೂ ಅದು ಬಂದಿರಲಿಲ್ಲ. ಹಾಗಂತ ಅವರನ್ನು ಬಿಟ್ಟುಕೊಡುವ ಹಾಗೂ ಇರಲಿಲ್ಲ. ತರಗತಿ ಮುಚ್ಚಿದರೆ ಮೇಷ್ಟ್ರು ಗುಡ್ಡದಾಚೆಯ ಶಾಲೆಗೆ ಎತ್ತಂಗಡಿ. ಅಲ್ಲಿಗೆ ಬಸ್ಸು ಮನಸ್ಸು ಬಂದರೆ ಹೋಗುತ್ತದೆ, ವಾಪಸು ಬರುವ ವಿಚಾರವನ್ನು ಡ್ರೈವರೂ ಖಾತರಿಯಾಗಿ ಹೇಳಲಾರ. ಮೇಷ್ಟ್ರ ಹೆಂಡತಿ ಇದೇ ಊರಿನ ಆಸ್ಪತ್ರೆಯಲ್ಲಿ ನರ್ಸು. ಮದುವೆಯಾದ ಎಷ್ಟೋ ವರ್ಷದ ಮೇಲೆ ಗಂಡ ಹೆಂಡತಿ ಒಂದೇ ಊರಿನಲ್ಲಿ ಒಂದೇ ಒಲೆ ಹಚ್ಚಿದ್ದರು.

ಹೀಗಾಗಿ ಹತ್ತನೆಯವನನ್ನು ಮೇಷ್ಟ್ರೇ ಹಾಜರಿ ಪುಸ್ತಕದಲ್ಲಿ ಸೃಷ್ಟಿ ಮಾಡಿದರು. ಬೇರೆ ಹೆಸರು ಹೊಳೆಯದೆ ತಮ್ಮ ತಾತನ ಹೆಸರಿಟ್ಟರು. ಎಲ್ಲರೂ ದೊಡ್ಡ ಮೇಡಂ ಎಂದು ಕರೆಯುವ ಮುಖ್ಯೋಪಾಧ್ಯಾಯಿನಿ, "ಅವರಪ್ಪ ಏನ್ ಮಾಡ್ತಾರೆ?" ಎಂದು ಕೇಳಿದಾಗ, ವರಾಂಡದಲ್ಲಿ ವರ್ಷಗಳಿಂದ ನಿಂತೇ ಹೋಗಿದ್ದ ಗೋಡೆ ಗಡಿಯಾರ ಕಣ್ಣಿಗೆ ಬಿತ್ತು. "ಗಡಿಯಾರ ರಿಪೇರಿ" ಎಂದರು. "ತಾಯಿ?" ಎಂದಾಗ, ಇನ್ನೊಂದು ಸುಳ್ಳು ಕಟ್ಟುವ ಕಷ್ಟವಾದರೂ ಉಳಿಯಲಿ ಎಂದು "ತಾಯಿ ಇಲ್ಲ" ಎಂದುಬಿಟ್ಟರು.

ಅವನು ಕಾಯಿಲೆಯ ಹುಡುಗ ಎಂದು ಉಳಿದ ಮಕ್ಕಳು ನಂಬಿದ್ದರು. ಮೇಷ್ಟ್ರು ದಿನವೂ ಹಾಜರಿಯ ಕೊನೆಯಲ್ಲಿ ತಾತನ ಹೆಸರು ಕೂಗಿ, ಒಂದು ಗಳಿಗೆ ಕಾದು, ಮುಂದೆ ಹೋಗುತ್ತಿದ್ದರು. ಹೆಂಡತಿಗೆ ಇದು ಸರಿಬರಲಿಲ್ಲ. "ಸತ್ತೋರ ಹೆಸರು ಹಿಡಿದು ದಿನಾ ಕೂಗ್ತೀರಲ್ಲ, ಯಾರಾದ್ರೂ ಓಗೊಟ್ರೆ ಏನ್ ಮಾಡ್ತೀರಿ?" ಎಂದಿದ್ದಳು. ಮೇಷ್ಟ್ರು ನಕ್ಕಿದ್ದರು.

ಇನ್‌ಸ್ಪೆಕ್ಷನ್ ದಿನ ಬೆಳಿಗ್ಗೆ ಮೋಡ ಎಷ್ಟು ದಟ್ಟವಾಗಿತ್ತೆಂದರೆ ತರಗತಿಗಳಲ್ಲೆಲ್ಲ ದೀಪ ಹಾಕಿದ್ದರು. ಮೇಷ್ಟ್ರು ಮರಗೆಲಸದ ಕೋಣೆಯ ಬೀಗ ತೆಗೆದರು. ನೆಲದ ಮೇಲಿನ ಮರದ ಹೊಟ್ಟಿನಲ್ಲಿ ಸಣ್ಣ ಪಾದದ ಗುರುತುಗಳಿದ್ದವು. ಬಾಗಿಲಿನಿಂದ ಕೊನೆಯ ಬೆಂಚಿನವರೆಗೆ ಹೋಗಿದ್ದವು. ವಾಪಸು ಬಂದ ಗುರುತು ಒಂದೂ ಇರಲಿಲ್ಲ. ಬೆಂಚಿನ ಮೇಲೆ ಯಾರೂ ಇರಲಿಲ್ಲ. ಮುಟ್ಟಿ ನೋಡಿದರೆ ಹಲಗೆ ಬೆಚ್ಚಗಿತ್ತು.

ಹೊರಗೆ ಬಂದವರಿಗೆ ಲೈಬ್ರರಿ ಮೇಡಂ ಅಡ್ಡ ಸಿಕ್ಕಿದರು. "ನಿಮ್ ಹತ್ತನೇ ಹುಡುಗ ತುಂಬಾ ಓದ್ತಾನೆ ಸಾರ್. ಒಂದು ಪುಸ್ತಕ ಮಾತ್ರ ಇನ್ನೂ ವಾಪಸ್ ಕೊಟ್ಟಿಲ್ಲ."

ಮೇಷ್ಟ್ರು ಏನೋ ಗೊಣಗಿ ಮೈದಾನದ ಕಡೆ ನಡೆದರೆ, ಕೊರಳಲ್ಲಿ ಸದಾ ಸೀಟಿ ತೂಗಾಡಿಸುವ ಆಟದ ಮೇಷ್ಟ್ರು, ಅಂದರೆ ಎಲ್ಲರ ಸೀಟಿ ಮೇಷ್ಟ್ರು, ದೂರದಿಂದಲೇ ಕೂಗಿದರು. "ನಿಮ್ಮವನು ಏನ್ ಓಡ್ತಾನ್ರೀ! ಕಾಲು ನೆಲಕ್ಕೇ ತಾಗಲ್ಲ!"

ಕಾಲು ನೆಲಕ್ಕೆ ತಾಗುವುದಿಲ್ಲ ಎಂಬ ಮಾತು ಮೇಷ್ಟ್ರ ಎದೆಯಲ್ಲಿ ಕೂತುಬಿಟ್ಟಿತು. ಎದುರಿಗಿದ್ದ ಪ್ರಯೋಗಾಲಯಕ್ಕೆ ನುಗ್ಗಿ ಒಂದು ಲೋಟ ನೀರು ಕೇಳಿದರು. ವಿಜ್ಞಾನದ ಮೇಡಂ ನೀರು ಕೊಡುತ್ತ, "ಸಂಜೆ ಎಲ್ರೂ ಹೋದ್ಮೇಲೂ ನಿಮ್ ಹುಡುಗ ಇಲ್ಲೇ ಇರ್ತಾನೆ ಸಾರ್, ಗಾಜಿನ ಸಾಮಾನೆಲ್ಲ ತೊಳೆದಿಡ್ತಾನೆ" ಎಂದರು. ಕುಡಿದ ನೀರು ಮೂಗಿಗೆ ಹತ್ತಿತು.

ಮೇಷ್ಟ್ರು ನೇರವಾಗಿ ದೊಡ್ಡ ಮೇಡಂ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. "ಮೇಡಂ, ನನ್ನಿಂದ ತಪ್ಪಾಗಿದೆ. ಆ ಹುಡುಗ ಇಲ್ಲವೇ ಇಲ್ಲ. ಆದ್ರೆ ಅವನು ಎಲ್ಲಾ ಕಡೆ ಓಡಾಡ್ತಿದ್ದಾನೆ."

ದೊಡ್ಡ ಮೇಡಂ ತಲೆ ಎತ್ತಲೂ ಇಲ್ಲ. "ಇಲ್ಲ ಅಂತ ನಂಗೆ ಮೊದಲ ದಿನವೇ ಗೊತ್ತಾಯ್ತು ಕಣ್ರೀ. ನಿಮಗೆ ಒಬ್ಬ ಕಡಿಮೆ, ಲೈಬ್ರರಿಗೆ ಓದೋರು ಕಡಿಮೆ, ಆಟಕ್ಕೆ ಒಬ್ಬ ಕಡಿಮೆ, ವಿಜ್ಞಾನ ಸಂಘಕ್ಕೂ ಒಬ್ಬ ಕಡಿಮೆ. ಇಲ್ಲದಿರೋನು ಒಬ್ಬ ಹೇಗೂ ಇದ್ದನಲ್ಲ, ಎಲ್ರೂ ಅವನನ್ನೇ ಹಂಚ್ಕೊಂಡ್ವಿ. ಇನ್‌ಸ್ಪೆಕ್ಷನ್ ಸಾಹೇಬರ ಕಡೆಯವರು ಬೆಳಿಗ್ಗೆಯಿಂದ ಸುತ್ತಾಡ್ತಿದ್ದಾರೆ, ಅವರಿಗೆ ಕೇಳ್ಲಿ ಅಂತ ಎಲ್ರೂ ನಿಮ್ಮ ಹತ್ರ ಅವನ ವಿಷಯ ಹೇಳಿದ್ದು."

ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು. ಕುರ್ಚಿಯಲ್ಲಿ ಕುಸಿದು ಮನಸಾರೆ ನಕ್ಕರು. ನಗು ಮುಗಿದ ಮೇಲೆ ಕೇಳಿದರು. "ಹಾಗಾದ್ರೆ ಮರದ ಹೊಟ್ಟಿನಲ್ಲಿ ಹೆಜ್ಜೆ ಮೂಡಿಸಿದ್ದು ಯಾರು?"

"ಯಾವ ಹೆಜ್ಜೆ? ಬೆಕ್ಕಿರಬೇಕು."

"ಐದು ಬೆರಳಿನ ಬೆಕ್ಕಾ ಮೇಡಂ?"

ದೊಡ್ಡ ಮೇಡಂ ಉತ್ತರ ಕೊಡುವಷ್ಟರಲ್ಲಿ ಹೊರಗೆ ಸಾಹೇಬರ ಜೀಪು ಬಂದಿತು.

ಹಾಜರಿಯ ಹೊತ್ತಿಗೆ ಮೈದಾನದಿಂದ ಒಬ್ಬ ಹುಡುಗನನ್ನು ಕಳಿಸಿ, ಮರಗೆಲಸದ ಕೋಣೆಯಲ್ಲಿ ಒರಗಿಸಿಟ್ಟ ಹಲಗೆಗಳ ಹಿಂದಿನಿಂದ ಓಗೊಡಿಸುವುದಾಗಿ ಸೀಟಿ ಮೇಷ್ಟ್ರು ಮಾತು ಕೊಟ್ಟರು. ಸಾಹೇಬರು ಲೈಬ್ರರಿ ನೋಡಿ ಮೆಚ್ಚಿದರು, ಪ್ರಯೋಗಾಲಯ ನೋಡಿ ತಲೆದೂಗಿದರು, ಕೊನೆಗೆ ಮರಗೆಲಸದ ಕೋಣೆಗೆ ಬಂದು ಹಾಜರಿ ಕೂಗಲು ಹೇಳಿದರು. ಒಂಬತ್ತು ಹೆಸರು ಮುಗಿಯಿತು. ಮೇಷ್ಟ್ರು ಗಂಟಲು ಸರಿಮಾಡಿಕೊಂಡು ತಾತನ ಹೆಸರು ಕೂಗಿದರು.

"ಹಾಜರ್ ಸಾರ್."

ಧ್ವನಿ ಬಂದದ್ದು ಹಲಗೆಗಳ ಹಿಂದಿನಿಂದಲ್ಲ, ಕೊನೆಯ ಬೆಂಚಿನಿಂದ. ಮೇಷ್ಟ್ರು ತಿರುಗಿ ನೋಡಿದರು. ಬೆಂಚು ಖಾಲಿ ಇತ್ತು. ಆದರೆ ಸಾಹೇಬರು ಅದೇ ಬೆಂಚಿನ ಕಡೆ ನೋಡಿ ಮುಗುಳ್ನಗುತ್ತಿದ್ದರು.

"ಇವನೇನಾ? ಎಲ್ಲದರಲ್ಲೂ ಮುಂದೆ ಇದ್ದಾನಂತಲ್ಲ. ಸ್ವಲ್ಪ ಸಣ್ಣಗಿದ್ದಾನೆ. ಮನೇಲಿ ಊಟ ಸರಿಯಾಗಿ ಹಾಕಲ್ವೇನೋ. ಸಂಜೆಯೊಳಗೆ ಇವನ ಅಪ್ಪನ್ನ ಕರೆಸಿ, ಇಂಥಾ ಮಗನ್ನ ಪಡೆದೋನ ಮುಖ ನೋಡ್ಬೇಕು" ಎಂದು ಹೇಳಿ ಹೊರಟೇ ಹೋದರು.

ಮೇಷ್ಟ್ರು ಉಸಿರು ಬಿಗಿಹಿಡಿದು ಮೈದಾನಕ್ಕೆ ಓಡಿದರು. ಅವರು ಬಾಯಿ ತೆಗೆಯುವ ಮೊದಲೇ ಸೀಟಿ ಮೇಷ್ಟ್ರು ಕೈ ಮುಗಿದರು. "ತಪ್ಪು ತಿಳ್ಕೋಬೇಡಿ, ಹುಡುಗ್ರೆಲ್ಲ ಡ್ರಿಲ್‌ನಲ್ಲಿದ್ರು, ಒಬ್ಬನ್ನೂ ಕಳಿಸೋಕಾಗ್ಲಿಲ್ಲ. ಬೈಸ್ಕೊಂಡ್ರಾ?"

ಮೇಷ್ಟ್ರು, ಹುಡುಗನ ಅಪ್ಪನನ್ನು ಕರೆಸಬೇಕಂತೆ ಎಂದಷ್ಟೇ ಹೇಳಿದರು.

"ಅಷ್ಟೇ ತಾನೇ? ನನ್ನ ಬಾಮೈದನ್ನ ಕರೆಸ್ತೀನಿ ಬಿಡಿ. ನಾಟಕದಲ್ಲಿ ಎಷ್ಟೋ ಸಲ ಅಪ್ಪನ ಪಾರ್ಟು ಮಾಡಿದ್ದಾನೆ. ಅಳು ಅಂದ್ರೆ ಅಳ್ತಾನೆ ಕೂಡ."

ಸಂಜೆ ದೊಡ್ಡ ಮೇಡಂ ಕೋಣೆಯಲ್ಲಿ ಸಾಹೇಬರು ಕೂತಿದ್ದರು. ಮೇಷ್ಟ್ರು ಕಿಟಕಿಗೆ ಒರಗಿ ನಿಂತಿದ್ದರು. ಬಾಗಿಲ ಬಳಿ ಒಬ್ಬ ತೆಳ್ಳನೆಯ ಮನುಷ್ಯ ಕಾಣಿಸಿಕೊಂಡ. ಮಾಸಿದ ಕೋಟು, ಒಂದು ಕಣ್ಣಿಗೆ ಸಿಕ್ಕಿಸುವ ಸಣ್ಣ ಮಸೂರ, ಕೈಯಲ್ಲಿ ಪುಟ್ಟ ಚೀಲ. ಬಾಮೈದ ವೇಷದಲ್ಲಿ ಕೊರತೆ ಮಾಡಿಲ್ಲ ಎಂದು ಮೇಷ್ಟ್ರು ಒಳಗೊಳಗೇ ಮೆಚ್ಚಿದರು.

"ಬನ್ನಿ, ಕೂತ್ಕೊಳ್ಳಿ" ಎಂದರು ಸಾಹೇಬರು. "ನಿಮ್ಮ ಮಗ ಈ ಶಾಲೆಯ ರತ್ನ."

"ಮೇಷ್ಟ್ರ ದಯೆ ಸಾರ್" ಎಂದ ಆತ ನಿಂತುಕೊಂಡೇ. "ದಿನಾ ಅವನ ಹೆಸರು ಕೂಗಿ ಒಂದು ಗಳಿಗೆ ಕಾಯ್ತಿದ್ರಂತೆ. ಬೇರೆ ಯಾರಿಗೂ ಹಾಗೆ ಕಾಯಲ್ವಂತೆ. ಆ ಒಂದು ಗಳಿಗೆಗೋಸ್ಕರವೇ ಬರ್ತಿದ್ದ." ಆಮೇಲೆ ಮೇಷ್ಟ್ರ ಕಡೆ ತಿರುಗಿದ. "ತಾಯಿ ಇಲ್ಲ ಅಂದ್ಬಿಟ್ರಿ ನೀವು. ಮನೇಲಿ ಅದೊಂದೇ ಕೊರತೆ ಸಾರ್."

ಮೇಷ್ಟ್ರು ನಟನೆ ಎಂದು ಗೊತ್ತಿದ್ದೂ ಆ ಮನುಷ್ಯನ ಮುಖ ನೋಡಲಾಗದೆ ತಲೆ ತಗ್ಗಿಸಿದರು.

"ಈಗ ಟಿ.ಸಿ. ಕೊಡಬೇಕು" ಎಂದ ಆತ. "ಗುಡ್ಡದಾಚೆ ಊರಿಗೆ ಹೋಗ್ತಿದ್ದೀವಿ. ಅಲ್ಲಿ ನಿಂತ ಗಡಿಯಾರ ಜಾಸ್ತಿ."

ಇದು ಒಪ್ಪಂದದಲ್ಲಿ ಇರಲಿಲ್ಲ. ಮೇಷ್ಟ್ರು ಕಣ್ಣು ಮಿಟುಕಿಸಿದರು, ಕೆಮ್ಮಿದರು, ಹತ್ತಿರ ಸರಿದು ಆತನ ಕಾಲು ತುಳಿಯಲೂ ನೋಡಿದರು. ತುಳಿದದ್ದು ನೆಲವನ್ನೇ. "ಇಷ್ಟು ಅವಸರ ಯಾಕೆ, ಪರೀಕ್ಷೆ ಮುಗೀಲಿ..." ಎಂದು ತೊದಲಿದರು.

"ಏನ್ರೀ, ಬಡ ತಂದೆಯನ್ನ ಸತಾಯಿಸ್ತೀರಾ?" ಸಾಹೇಬರು ಗದರಿದರು. "ಸಹಿ ಹಾಕಿ."

ಅಂಥ ಹುಡುಗನೇ ಇಲ್ಲ ಎಂದರೆ ಕೆಲಸ ಹೋಗುತ್ತದೆ. ಇದ್ದಾನೆ ಎಂದರೆ ಸಹಿ ಹಾಕಬೇಕಾಗುತ್ತದೆ. ಮೇಷ್ಟ್ರು ಸಹಿ ಹಾಕಿದರು, ದೊಡ್ಡ ಮೇಡಂ ಮೊಹರು ಒತ್ತಿದರು. ಆತ ಟಿ.ಸಿ.ಯನ್ನು ಮಡಿಸಿ ಜೇಬಿಗಿಟ್ಟು, ಕೈ ಮುಗಿದು ವರಾಂಡಕ್ಕೆ ಹೋದ.

ಸಾಹೇಬರು ಬೆರಳು ಮಡಚಿ ಎಣಿಸಿದರು. "ಅಲ್ಲಿಗೆ ನಿಮ್ಮ ತರಗತಿಯಲ್ಲಿ ಒಂಬತ್ತೇ ಮಂದಿ ಆದ್ರು. ಕಾನೂನು ಕಾನೂನೇ, ಮುಚ್ಚಬೇಕಾಗುತ್ತೆ. ಬೇಜಾರು ಮಾಡ್ಕೋಬೇಡಿ. ಗುಡ್ಡದಾಚೆ ಶಾಲೆಯಲ್ಲಿ ಮರಗೆಲಸಕ್ಕೆ ಒಂಬತ್ತು ಮಕ್ಕಳಿದ್ರು, ಇವನು ಸೇರಿ ಹತ್ತಾಯ್ತು. ಮೇಷ್ಟ್ರೊಬ್ಬರು ಇರಲಿಲ್ಲ. ನಾಳೆಯೇ ಹೊರಡಿ."

ಮೇಷ್ಟ್ರಿಗೆ ಹೆಂಡತಿಯ ಮುಖ ಕಣ್ಣ ಮುಂದೆ ಬಂದಿತು. ಅಷ್ಟರಲ್ಲಿ ಸೀಟಿ ಮೇಷ್ಟ್ರು ಒಬ್ಬ ಗುಂಡನೆಯ ಮನುಷ್ಯನನ್ನು ಎಳೆದುಕೊಂಡು ಬಾಗಿಲಿಗೆ ಬಂದರು. ಆ ಮನುಷ್ಯ ಏದುಸಿರು ಬಿಡುತ್ತಿದ್ದ.

"ಬಸ್ಸು ಕೆಟ್ಟೋಯ್ತು ಭಾವ, ಅದಕ್ಕೇ ತಡ" ಎಂದು ಸೀಟಿ ಮೇಷ್ಟ್ರಿಗೆ ಹೇಳಿ, ಅಲ್ಲೇ ಕಣ್ಣು ತುಂಬಿಕೊಂಡು ಒಳಗೆ ನುಗ್ಗಿದ. "ಎಲ್ಲಿ ನನ್ನ ಮಗ? ಎಲ್ಲಿ ನನ್ನ ಕಂದ?"

ಮೇಷ್ಟ್ರು ಆ ತೆಳ್ಳನೆಯ ಮನುಷ್ಯ ಹೋದ ವರಾಂಡದ ಕಡೆ ತಿರುಗಿದರು. ಅಲ್ಲಿಂದ ಟಿಕ್ ಟಿಕ್ ಎಂದು ಕೇಳಿಸಿತು. ನಿಂತುಹೋಗಿದ್ದ ಗೋಡೆ ಗಡಿಯಾರ ನಡೆಯುತ್ತಿತ್ತು.

ಮೇಷ್ಟ್ರು ಮರಗೆಲಸದ ಕೋಣೆಗೆ ಹೋದರು. ಮರದ ಹೊಟ್ಟಿನಲ್ಲಿ ಹೊಸ ಹೆಜ್ಜೆಗಳಿದ್ದವು, ಈ ಸಲ ಕೊನೆಯ ಬೆಂಚಿನಿಂದ ಬಾಗಿಲಿನ ಕಡೆಗೆ. ಬಾಗಿಲ ಪಕ್ಕದಲ್ಲಿ ಅವರ ಉಳಿ ಸುತ್ತಿಗೆಯ ಪೆಟ್ಟಿಗೆಯನ್ನು ಯಾರೋ ಪ್ರಯಾಣಕ್ಕೆ ಸಿದ್ಧವಾಗಿ ಹಗ್ಗ ಬಿಗಿದು ಇಟ್ಟಿದ್ದರು. ಮೇಷ್ಟ್ರು ಕೂತು ಗಂಟನ್ನು ಮುಟ್ಟಿ ನೋಡಿದರು. ಒಂಬತ್ತು ಮಕ್ಕಳಲ್ಲಿ ಒಬ್ಬನಿಗೂ ಬಾರದಿದ್ದ ಗಂಟು ಅದು. ಎಲ್ಲೂ ತಪ್ಪಿರಲಿಲ್ಲ.