ಹಾಬ್ಡೆಯ ಅಂಗಡಿ ಮುಂದಿನ ಸಾಲು

ಸಿರಿಲ್ ಹಾಬ್ಡೆ ಹೇಳಿದ್ದು ಅರ್ಧ ನಿಜ. ಪೂರ್ತಿ ಸುಳ್ಳು ಹೇಳಿದ್ದರೂ ಬಚಾವಾಗುತ್ತಿದ್ದನೇನೋ, ಪಾಪ.

ಅವನ ಹಾರ್ಡ್‌ವೇರ್ ಅಂಗಡಿಯ ಮುಂದಿನ ದೀಪದ ಕಂಬಕ್ಕೆ ಕೌನ್ಸಿಲ್‌ನವರು ಒಂದು ಹಳದಿ ಕಾಗದ ಕಟ್ಟಿದ್ದರು. ನಾಯಿ ಹಿಡಿದುಕೊಂಡು ಹೊರಟಿದ್ದ ಎದುರುಮನೆಯ ಮಾಡ್ ಗ್ಯಾಸ್ಕಿನ್ ಅದೇನೆಂದು ಕೇಳಿದಳು. ಅಂಗಡಿಯನ್ನು ವಾಸದ ಮನೆ ಮಾಡಿಕೊಳ್ಳಲು ಸಿರಿಲ್ ಅನುಮತಿ ಕೇಳಿದ್ದಾನೆ ಎಂಬುದಷ್ಟೇ ಅದರಲ್ಲಿದ್ದ ವಿಷಯ. ಆದರೆ ಆ ಕಾನೂನಿನ ಭಾಷೆ ಬರೆದವನಿಗೂ ಅರ್ಥವಾಗಿರಲಾರದು.

ಅನುಮತಿ ಬೇಕಿದ್ದದ್ದು ಹೆಂಡತಿ ಡೋರೀನ್‌ಗಾಗಿ. ಅಂಗಡಿಯ ಮೇಲಿನ ಮಹಡಿಯಲ್ಲಿ ಅವರ ಸಂಸಾರ. ಸೊಂಟದ ಕೀಲು ಸವೆದು ಡೋರೀನ್ ಮೆಟ್ಟಿಲನ್ನು ಕೂತುಕೊಂಡೇ ಇಳಿಯುತ್ತಿದ್ದಳು, ಕೂತುಕೊಂಡೇ ಹಿಮ್ಮುಖವಾಗಿ ಹತ್ತುತ್ತಿದ್ದಳು. ಕೆಳಗೇ ಮಂಚ, ಬಚ್ಚಲು ಆಗಿಬಿಟ್ಟರೆ ಆ ಪಾಡು ತಪ್ಪುತ್ತಿತ್ತು. ಆದರೆ ಊರಿಗೆ ಉಳಿದಿದ್ದದ್ದು ಅದೊಂದೇ ಅಂಗಡಿ. ಅಲ್ಲಿಗೆ ಗಿರಾಕಿಗಳೇ ಬರುವುದಿಲ್ಲ ಎಂದು ಅಧಿಕಾರಿ ಕಣ್ಣಾರೆ ಕಂಡರೆ ಮಾತ್ರ ಅನುಮತಿ. ಅದೇನು ಕಷ್ಟವಿರಲಿಲ್ಲ. ಪೇಟೆಯಲ್ಲಿ ಸೂಪರ್‌ಮಾರ್ಕೆಟ್ ಬಂದ ಮೇಲೆ ಸಿರಿಲ್‌ಗೆ ನೊಣ ಹೊಡೆಯುವುದೇ ಕೆಲಸ. ಚಳಿಗಾಲದಲ್ಲಿ ಅದೂ ಇರುತ್ತಿರಲಿಲ್ಲ.

ಇಷ್ಟನ್ನು ಮಾಡ್‌ಗೆ ಹೇಳಲು ಅವನಿಗೆ ನಾಚಿಕೆ. 'ನಾನು ಬದುಕಿರೋವರೆಗೂ ಅಪ್ಪನ ಅಂಗಡಿ ಮುಚ್ಚಲ್ಲ' ಎಂದು ಪಬ್ಬಿನಲ್ಲಿ ವರ್ಷಗಟ್ಟಲೆ ಕೊಚ್ಚಿಕೊಂಡ ಬಾಯಿ ಅದು.

"ಏನಿಲ್ಲ ಮಾಡ್, ನಾಳೆ ಬೆಳಿಗ್ಗೆ ಕೌನ್ಸಿಲ್‌ನಿಂದ ಯಾರೋ ಬರ್ತಾರೆ. ಅಂಗಡಿಗೆ ಜನ ಬರ್ತಾರೋ ಇಲ್ವೋ ನೋಡ್ಕೊಂಡು ಹೋಗ್ತಾರಂತೆ," ಎಂದುಬಿಟ್ಟ.

ಜನ ಬರದಿದ್ದರೆ ಅಂಗಡಿ ಮುಚ್ಚಿಸಿಬಿಡುತ್ತಾರೇನೋ ಎಂದು ಮಾಡ್ ಮುಖ ಸಪ್ಪಗಾಯಿತು. ಅವಳು ಅಂಗಡಿಯ ಹೊಸ್ತಿಲು ತುಳಿದು ಯಾವ ಕಾಲವಾಗಿತ್ತೋ.

ಮರುದಿನ ಸಿರಿಲ್ ಬೇಕೆಂದೇ ಧೂಳು ಒರೆಸಲಿಲ್ಲ, ದೀಪ ಹಾಕಲಿಲ್ಲ. ಬಾಗಿಲು ತೆರೆದರೆ ಎದುರಿಗೆ ಮಾಡ್, ಅವಳ ಹಿಂದೆ ನಿವೃತ್ತ ಮೇಷ್ಟ್ರು ಟ್ರೆಂಚರ್, ಅವರ ಹಿಂದೆ ಅರ್ಧ ಊರು. ಒಬ್ಬರಿಗೆ ಬಲ್ಬು, ಒಬ್ಬರಿಗೆ ಚಿಲಕ, ಒಬ್ಬರಿಗೆ ಬಕೆಟ್ಟು. ಮೊಳೆಗೆ ತುಕ್ಕು ಹಿಡಿದಿದೆ ಎಂದ, ಪರವಾಗಿಲ್ಲ ಎಂದರು. ಬೆಲೆ ಎರಡರಷ್ಟು ಹೇಳಿದ. ಅವನ ಮುಖ ನೋಡುವ ಧೈರ್ಯವಿಲ್ಲದೆ ತಲೆ ತಗ್ಗಿಸಿಕೊಂಡು ಕೊಟ್ಟರು.

"ತಪ್ಪು ನಮ್ದೇ ಸಿರಿಲ್," ಎಂದಳು ಮಾಡ್ ಮೆಲ್ಲಗೆ. "ನಿನ್ನ ಅಂಗಡೀನ ಮರೆತೇಬಿಟ್ಟಿದ್ವಿ."

ಸಾಲು ಬಾಗಿಲು ದಾಟಿ, ಬಸ್ ಸ್ಟಾಪಿನವರೆಗೂ ಬೆಳೆಯಿತು. ಬಸ್ಸಿಗೆ ಕಾಯುತ್ತಿದ್ದವರೂ ಇದು ಬಸ್ಸಿನ ಸಾಲೇ ಇರಬೇಕೆಂದು ಸೇರಿಕೊಂಡರು. ಅಷ್ಟರಲ್ಲಿ ಅಧಿಕಾರಿ ಮಿಸ್ ಲ್ಯಾಟಿಮರ್ ಫೈಲು ಹಿಡಿದು ಬಂದರು. ಬಂದವರು ಸಾಲಿನ ಕೊನೆಗೆ ಹೋಗಿ ನಿಂತರು. ಮುಂದೆ ಬನ್ನಿ ಎಂದು ಸಿರಿಲ್ ಗಾಜಿನೊಳಗಿಂದ ಎಷ್ಟು ಕೈ ಬೀಸಿದರೂ ಅವರು ಬೇಡವೆಂದು ತಲೆಯಾಡಿಸಿಬಿಟ್ಟರು. ಕೊಲೆ ಮಾಡಿದವನನ್ನಾದರೂ ಆ ಊರು ಕ್ಷಮಿಸೀತು, ಸಾಲು ತಪ್ಪಿಸಿದವನನ್ನು ಕ್ಷಮಿಸುವುದಿಲ್ಲ. ಜಿಟಿಜಿಟಿ ಮಳೆಯಲ್ಲಿ ಹೆಜ್ಜೆಹೆಜ್ಜೆಯಾಗಿ ಸರಿದು ಕೊನೆಗೂ ಗಲ್ಲಾದ ಮುಂದೆ ಬಂದು, ದನಿ ತಗ್ಗಿಸಿ ಕೇಳಿದರು.

"ಯಾರೂ ಬರಲ್ಲ ಅಂತ ಅರ್ಜೀಲಿ ಬರೆದಿದ್ರಲ್ಲ, ಹಾಬ್ಡೆಯವರೇ?"

ಸಿರಿಲ್ ಸುತ್ತ ನೋಡಿದ. ಊರಿಗೆ ಊರೇ ಕಿವಿ ನಿಮಿರಿಸಿಕೊಂಡು ನಿಂತಿತ್ತು. ಇವರೆದುರು 'ಇವರ್ಯಾರೂ ಬರ್ತಾ ಇರಲಿಲ್ಲ, ನನಗೆ ಅಂಗಡಿ ಮುಚ್ಚಬೇಕು' ಎನ್ನುವುದು ಹೇಗೆ? ಕಿವಿಯವರೆಗೆ ಕೆಂಪಾಗಿ, ಇವತ್ತು ಸ್ವಲ್ಪ ಹೆಚ್ಚು ಎಂದು ತೊದಲಿದ.

"ನಾನು ಒಂದೇ ಸಲ ನೋಡಿ ಬರೆಯೋಳಲ್ಲ," ಎಂದರು ಆಕೆ, ಅವನೊಬ್ಬನಿಗೇ ಕೇಳುವಂತೆ. "ಸಂಜೆ ಇದೇ ದಾರೀಲಿ ಹೋಗ್ತೀನಿ. ಆಗ ಖಾಲಿ ಇದ್ರೆ ಅದನ್ನೇ ಬರೀತೀನಿ." ಸಾಲಿನಲ್ಲಿ ನಿಂತು ಬರಿಗೈಯಲ್ಲಿ ಹೋಗುವುದು ಸರಿಯಲ್ಲವೆಂದು ಒಂದು ಇಲಿಬೋನು ಕೊಂಡುಕೊಂಡು ಹೋದರು.

ಮಧ್ಯಾಹ್ನ ಒಂದು ನರಪಿಳ್ಳೆಯೂ ಬರಲಿಲ್ಲ. ಸಿರಿಲ್‌ಗೆ ಹೋದ ಜೀವ ಬಂದಂತಾಯಿತು. ಡೋರೀನ್ ಕೂತುಕೊಂಡೇ ಮೆಟ್ಟಿಲಿಳಿದು ಬಂದು, ಮಂಚ ಕಿಟಕಿಯ ಪಕ್ಕದಲ್ಲಿರಲಿ, ಬೆಳಗಿನ ಬಿಸಿಲು ಬೀಳುತ್ತದೆ ಎಂದಳು. ಇಬ್ಬರೂ ಅಲ್ಲೇ ಚಹಾ ಕುಡಿದರು.

ಸಂಜೆ ಬಾಗಿಲ ಗಂಟೆ ಟಿಣ್ ಎಂದಿತು. ಮಾಡ್ ಬಲ್ಬು ಹಿಡಿದು ನಿಂತಿದ್ದಳು.

"ಆಯಮ್ಮ ಹೋದ್ರು ತಾನೇ? ತಪ್ಪು ತಿಳ್ಕೋಬೇಡಪ್ಪಾ, ಇದು ನಮ್ಮನೆ ದೀಪಕ್ಕೆ ಆಗಲ್ಲ. ವಾಪಸ್ ತಗೋತೀಯಾ?"

ಅವಳ ಹಿಂದೆ ಮೇಷ್ಟ್ರು, ಕೈಯಲ್ಲಿ ಚಿಲಕ. ಅವರ ಹಿಂದೆ ಮತ್ತೆ ಅದೇ ಊರು. ವಾಪಸ್ ಕೊಡಲು ಒಬ್ಬೊಬ್ಬರೇ ಬರಲು ಸಂಕೋಚವಾಗಿ ಗಂಡ ಹೆಂಡತಿ ಜೋಡಿಯಾಗಿ ಬಂದಿದ್ದರಿಂದ ಸಾಲು ಬೆಳಗಿಗಿಂತ ಉದ್ದವಾಗಿತ್ತು. ಆಗಲೇ ಮಿಸ್ ಲ್ಯಾಟಿಮರ್ ಕಾರು ಬಂದು ನಿಧಾನವಾಯಿತು. ಸಿರಿಲ್ ಬಲ್ಬು ಹಿಡಿದುಕೊಂಡೇ ಬೀದಿಗೆ ಓಡಿ, ಇವರು ಕೊಳ್ಳೋಕೆ ಬಂದವರಲ್ಲ ಎಂದು ಕೂಗಿಕೊಂಡ. ಮಳೆಗೆ ಕಾರಿನ ಗಾಜು ಏರಿಸಿತ್ತು. ಆಕೆ ಸಾಲನ್ನು ತುದಿಯಿಂದ ತುದಿಗೆ ನೋಡಿ, ಏನೋ ಬರೆದುಕೊಂಡು, ಅವನಿಗೆ ಶಭಾಸ್ ಎಂಬಂತೆ ಹೆಬ್ಬೆರಳೆತ್ತಿ ಹೊರಟುಹೋದರು.

"ನೋಡಿದ್ಯಾ, ಅಂಗಡಿ ಉಳೀತು!" ಮಾಡ್ ಕಣ್ಣಲ್ಲಿ ನೀರೇ ಬಂದಿತ್ತು. "ಮುಂದಿನ ಸಲಾನೂ ನಾಚ್ಕೋಬೇಡ, ಒಂದು ಮಾತು ಹೇಳು. ಎಲ್ಲಾರೂ ಬರ್ತೀವಿ."

ಸಿರಿಲ್ ಬಾಯಿ ತೆರೆದ. ಈಗಲಾದರೂ ಹೇಳಿಬಿಡಬೇಕೆಂದುಕೊಂಡ. ಒಳಗೆ ಡೋರೀನ್ ಆಗಲೇ ಮಹಡಿಗೆ ಬೆನ್ನು ಮಾಡಿ ಕೆಳಗಿನ ಮೆಟ್ಟಿಲ ಮೇಲೆ ಕೂತಿದ್ದಳು.

"ಥ್ಯಾಂಕ್ಸ್ ಹೇಳು ಸಿರಿಲ್," ಎಂದಳು.

ಅವನು ಥ್ಯಾಂಕ್ಸ್ ಹೇಳಿದ. ಅವಳು ಒಂದು ಮೆಟ್ಟಿಲು ಹತ್ತಿದಳು.